ಬಾಗಿಲ ಹಿಂದಿನ ರಾಣಿ

ಮಾಲೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಟ್ರೈನಿನಲ್ಲಿ ನನಗೆ ಸೀಟು ಬಿಟ್ಟುಕೊಡುವವರು ಮೊದಮೊದಲು ‘ಆಸ್ಪತ್ರೆಗಾ ಅಜ್ಜಿ?’ ಎಂದು ಕೇಳುತ್ತಿದ್ದರು. ‘ಕಾಲೇಜಿಗೆ’ ಎಂದರೆ, ‘ಮೊಮ್ಮಗಳನ್ನ ನೋಡೋಕಾ?’ ಎನ್ನುತ್ತಿದ್ದರು. ‘ನಾನೇ ಸ್ಟೂಡೆಂಟು’ ಎಂದ ಮೇಲೆ ಕಿಟಕಿಯ ಕಡೆ ತಿರುಗಿಬಿಡುತ್ತಿದ್ದರು.

ಮಾಲೂರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವಳು ನಾನು. ಅದಾಗಿ ಎಷ್ಟೋ ವರ್ಷದ ಮೇಲೆ, ಮಂಡಿಗೆ ಎಣ್ಣೆ ಹಚ್ಚುತ್ತ ಕೂರಬೇಕಾದ ವಯಸ್ಸಿನಲ್ಲಿ, ನಾಟಕದಲ್ಲಿ ಮಾಸ್ಟರ್ಸ್ ಮಾಡಲು ಸೇರಿದೆ. ಇಂಟರ್‌ವ್ಯೂನಲ್ಲಿ ಕಾರಣ ಕೇಳಿದಾಗ ‘ಲೈಫ್‌ಲಾಂಗ್ ಲರ್ನಿಂಗ್’ ಎಂದು ಚೆಂದವಾಗಿ ಉತ್ತರ ಕೊಟ್ಟೆ. ನಿಜವಾದ ಕಾರಣ ನನ್ನ ತಂದೆ. ನಮ್ಮ ಕಡೆ ತಂದೆಗೆ ನಾಯ್ನ ಎನ್ನುತ್ತೇವೆ.

ನಾಯ್ನ ಮುಳಬಾಗಿಲಿನ ಹತ್ತಿರದ ಊರಿನವರು. ರಾಗಿ ಮತ್ತು ಹಿಪ್ಪುನೇರಳೆ ಬೆಳೆಯುತ್ತಿದ್ದರು, ಕೇಳಿಕೆ ಕಟ್ಟುತ್ತಿದ್ದರು. ಕೇಳಿಕೆ ಎಂದರೆ ನಮ್ಮ ಕಡೆಯ ಬಯಲಾಟ. ಮಾತು ಕನ್ನಡವಾದರೆ ಹಾಡು ತೆಲುಗು, ಕೆಲವು ಸಲ ಅದಲು ಬದಲು. ನಾಯ್ನನದು ಯಾವಾಗಲೂ ಹೆಣ್ಣು ಪಾತ್ರ. ಗಂಡ ಸೀರೆಯುಟ್ಟು ಕುಣಿಯುವುದು ಅಮ್ಮನಿಗೆ ಸೇರುತ್ತಿರಲಿಲ್ಲ. ಮಗಳ ಕಣ್ಣಿಗಂತೂ ಅದು ಬೀಳಲೇಬಾರದೆಂದು ನನ್ನನ್ನು ಚಿಕ್ಕಂದಿನಲ್ಲೇ ಕೋಲಾರದ ಕಾನ್ವೆಂಟ್ ಹಾಸ್ಟೆಲಿಗೆ ಹಾಕಿಸಿದಳು. ಆಟ ನಡೆಯುತ್ತಿದ್ದುದು ಬೇಸಿಗೆಯಲ್ಲಿ. ಬೇಸಿಗೆ ರಜ ಬಂತೆಂದರೆ ನಾನು ಶ್ರೀನಿವಾಸಪುರದ ಅಜ್ಜಿಯ ಮನೆಯಲ್ಲಿ, ಮಾವಿನ ತೋಪಿನಲ್ಲಿ. ಊರಿಗೆ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ನಾಯ್ನನ ಕಿವಿಯ ಹಿಂದೆ ಮುಖಕ್ಕೆ ಬಳಿದ ಅರದಾಳದ ಹಳದಿ ಒಂದಿಷ್ಟು ಉಳಿದಿರುತ್ತಿತ್ತು, ಅಷ್ಟೆ. ನಾನು ಕಾಲೇಜಿನಲ್ಲಿದ್ದಾಗ ಅವರು ತೀರಿಕೊಂಡರು. ಅವರ ಹಾಡನ್ನು ನಾನು ಒಮ್ಮೆಯೂ ಕೇಳಿಲ್ಲ. ನಾಟ್ ಈವನ್ ಒನ್ಸ್.

ಅದಕ್ಕೇ ಡಿಸರ್ಟೇಶನ್ ವಿಷಯ ಆರಿಸುವಾಗ ನಾನು ಎರಡು ಸಲ ಯೋಚಿಸಲಿಲ್ಲ. ನಾಯ್ನ ಆಡುತ್ತಿದ್ದ ರಾಣಿಯ ಪಾತ್ರವನ್ನು ಹುಡುಕಿ ಬರೆದಿಡಬೇಕು, ಸಾಧ್ಯವಾದರೆ ಒಂದು ಪದವನ್ನಾದರೂ ನಾನೇ ಹಾಡಬೇಕು ಅಂದುಕೊಂಡೆ. ಆಟ ಕಲಿಸಿದ ಮೇಷ್ಟರ ಪುಸ್ತಕ ಎಂದೋ ಗೆದ್ದಲಿನ ಪಾಲಾಗಿತ್ತು. ಉಳಿದಿದ್ದವರು ರಾಜನ ಪಾತ್ರ ಮಾಡುತ್ತಿದ್ದ ಒಬ್ಬರೇ. ನಾಯ್ನನಿಗಿಂತ ಬಹಳ ಚಿಕ್ಕವರು, ಆದರೂ ಈಗ ತೊಂಬತ್ತರ ಹತ್ತಿರ. ನಾನು ಅವರನ್ನು ಮಾವ ಎಂದೇ ಕರೆಯುವುದು.

ನನ್ನ ಜೊತೆಗೆ ಮಾಲೂರಿನಿಂದ ಬರುತ್ತಿದ್ದ ಕ್ಲಾಸ್‌ಮೇಟ್ ಒಬ್ಬಳಿದ್ದಳು. ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯೇ ಆಗಿದ್ದವಳು, ಹಾಗಾಗಿ ಪಕ್ಕದ ಬೆಂಚಿನಲ್ಲಿ ಕೂತರೂ ನನ್ನನ್ನು ‘ಮಿಸ್’ ಎನ್ನುತ್ತಿದ್ದಳು. ಭಾನುವಾರಗಳಲ್ಲಿ ಮದುವೆ ವಿಡಿಯೋ ಮಾಡುತ್ತಿದ್ದಳು. ತನ್ನ ಚಿಕ್ಕ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು, ‘ಈ ಕೆಂಪು ಗುಂಡಿ ಒತ್ತಿ ಸುಮ್ನೆ ಕೂತ್ಕೊಳ್ಳಿ ಮಿಸ್. ಬೇರೆ ಏನೂ ಮುಟ್ಬೇಡಿ,’ ಎಂದಳು. ಒಂದು ಕಾಲದಲ್ಲಿ ಕಾಂಪಸ್ ಬಾಕ್ಸ್ ಬಗ್ಗೆ ನಾನು ಅವಳಿಗೆ ಹೇಳುತ್ತಿದ್ದ ಧಾಟಿ ಅದು.

ನಾಯ್ನನ ಊರಿಗೆ ಹೋದೆ. ಮಾವ ತಮ್ಮ ಮನೆಯ ಹಜಾರದಲ್ಲಿ ಗೋಡೆಗೊರಗಿ ಕೂತಿದ್ದರು.

‘ಏಮ್ಮಾ, ಇಂಗ್ಲೀಷು ಅಮ್ಮಾಯಿ! ಈ ವಯಸ್ಸಾಗೆ ನಿಂಗ್ಯಾಕೆ ಪರೀಕ್ಷೆ? ಪಾಸಾದ್ರೆ ಕೆಲ್ಸ ಕೊಡ್ತಾರಾ?’

‘ಇಲ್ಲ ಮಾವ. ನಾಯ್ನನ ಪಾತ್ರ ಕಲೀಬೇಕು. ಹೇಳಿಕೊಡಿ.’

ಮಾವ ಅಡ್ಡಡ್ಡ ತಲೆಯಾಡಿಸಿದರು. ಕೇಳಿಕೆಯಲ್ಲಿ ಒಬ್ಬರ ಪಾತ್ರ ಇನ್ನೊಬ್ಬರ ಬಾಯಲ್ಲಿ ಬರಕೂಡದಂತೆ. ಮೇಷ್ಟರು ಒಬ್ಬನನ್ನು ಕಣದಲ್ಲಿ, ಇನ್ನೊಬ್ಬನನ್ನು ಕೆರೆ ಏರಿಯ ಮೇಲೆ ಕೂರಿಸಿ ಬೇರೆಬೇರೆಯಾಗಿಯೇ ಕಲಿಸುತ್ತಿದ್ದರಂತೆ. ಎದುರಾಳಿಯ ಪದ ನೀನು ಆಡಿದರೆ ಅವನ ನಾಲಿಗೆ ರಂಗದ ಮೇಲೆ ತಪ್ಪುತ್ತದೆ ಎಂಬ ಭಯ.

‘ನಾಯ್ನ ಹೋಗಿ ಎಷ್ಟು ಕಾಲವಾಯ್ತು ಮಾವ? ಇನ್ನು ಯಾರ ನಾಲಿಗೆ ತಪ್ಪುತ್ತೆ?’

‘ಹೋದ್ರೇನು? ಅದು ಅವನ್ದೇ. ನನ್ದು ಹೇಳ್ತೀನಿ, ಕೇಳ್ಕೋ.’

ರಾಣಿ ಮುನಿಸಿಕೊಂಡು ಬಾಗಿಲು ಹಾಕಿಕೊಂಡಿದ್ದಾಳೆ, ರಾಜ ಹೊರಗೆ ನಿಂತು ಬೇಡುತ್ತಿದ್ದಾನೆ, ಇದು ಪ್ರಸಂಗ. ನಾನು ಕೆಂಪು ಗುಂಡಿ ಒತ್ತಿದೆ. ಮಾವ ಗಂಟಲು ಸರಿಮಾಡಿಕೊಂಡು, ‘ಬಾಗಿಲು ತೆಗೆಯೇ ರಮಣಿ, ಅಷ್ಟೊಂದು ಕೋಪವೇ?’ ಎಂದು ಎತ್ತಿಕೊಂಡರು. ಆಮೇಲೆ ಮಾತೇ ಇಲ್ಲ. ಪಾಪ, ಮರೆತರು ಅಂದುಕೊಂಡು ನಾನು, ‘ಮುಂದೆ, ಮಾವ?’ ಎಂದೆ.

ಮಾವ ಕೈ ಎತ್ತಿ ತಡೆದರು. ‘ಉಂಡಮ್ಮಾ. ಇರು ವಸಿ. ನಿಮ್ ನಾಯ್ನ ಇನ್ನೂ ಹಾಡ್ತಾವ್ನೆ.’

ಅವರ ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು. ಕಣ್ಣು ಮುಚ್ಚಿದ್ದರು. ತುಟಿ ಮಾತ್ರ ಅಲ್ಲಾಡುತ್ತಿತ್ತು, ಸದ್ದಿಲ್ಲದೆ. ನಾಯ್ನನ ಪದ ಮುಗಿದ ಮೇಲೆ ಅವರು ಮತ್ತೆ ಬಾಯಿ ತೆರೆದು, ‘ಹಾಗನ್ನಬೇಡ, ಆ ಮಾತು ನಿನಗೆ ಹೇಳಿದವರು ಯಾರು?’ ಎಂದರು. ಮತ್ತೆ ಮೌನ, ಮತ್ತೆ ತುಟಿ. ಅಂಗಳದಲ್ಲಿ ಕೋಳಿಗಳು ಒಂದೇ ಸಮನೆ ಕೂಗುತ್ತಿದ್ದವು. ಪಕ್ಕದ ಮನೆಯಲ್ಲಿ ಮಿಕ್ಸಿ. ನಾನು ಕದಲದೆ ಕೂತಿದ್ದೆ. ಆಡಕೂಡದ ಪದವನ್ನು ಮಾವ ಆಡಲಿಲ್ಲ, ಆದರೆ ತುಟಿಯನ್ನು ಕಟ್ಟಿಹಾಕಲು ಅವರಿಂದ ಆಗಲಿಲ್ಲ. ಕಂಪ್ಯೂಟರಿಗೆ ಹಾಕಿಸಿಕೊಂಡು, ವಿಡಿಯೋ ನಿಧಾನವಾಗಿ ಓಡಿಸಿ, ತುಟಿ ನೋಡಿ ನೋಡಿ ಒಂದೊಂದೇ ಅಕ್ಷರ ಹಿಡಿಯಬಹುದು ಎಂದು ಬಸ್ಸಿನುದ್ದಕ್ಕೂ ಲೆಕ್ಕ ಹಾಕಿದೆ. ಅಷ್ಟು ಖುಷಿಯಾಗಿ ನಾನು ಮುಳಬಾಗಿಲಿನಿಂದ ಎಂದೂ ವಾಪಸು ಬಂದಿರಲಿಲ್ಲ.

ಮಾರನೆಯ ದಿನ ಟ್ರೈನಿನಲ್ಲಿ ಕ್ಯಾಮೆರಾ ಹಿಂದಿರುಗಿಸುತ್ತ, ‘ಕೋಳಿ ಸದ್ದು ಜಾಸ್ತಿ ಇದೆಯಮ್ಮ, ಸ್ವಲ್ಪ ಕ್ಲೀನ್ ಮಾಡಿಕೊಡು,’ ಎಂದೆ. ತುಟಿಯ ವಿಷಯ ಹೇಳಬೇಕೆನ್ನುವಷ್ಟರಲ್ಲಿ ಅವಳಿಗೆ ಫೋನು ಬಂತು, ಯಾವುದೋ ಮದುವೆಯವರದು. ನೋಡಿದರೆ ತಾನೇ ತಿಳಿಯುತ್ತದಲ್ಲ ಎಂದು ನಾನೂ ಬಿಟ್ಟೆ.

ಎರಡು ವಾರದ ನಂತರ ಪೆನ್‌ಡ್ರೈವ್ ತಂದುಕೊಟ್ಟಳು. ‘ಸೂಪರಾಗಿ ಬಂದಿದೆ ಮಿಸ್. ತಾತ ಮಧ್ಯಮಧ್ಯ ತುಂಬ ಮರೆತುಬಿಟ್ಟಿದ್ರು, ಪಾಪ. ಒಂದೂ ಗೊತ್ತಾಗಲ್ಲ ನೋಡಿ ಈಗ.’

ನೋಡಿದೆ. ಬಾಗಿಲು ತೆಗೆಯೇ ರಮಣಿ, ಹಾಗನ್ನಬೇಡ, ಕಣ್ಣೊರೆಸಿಕೋ, ಆಯಿತು ಹೋಗುತ್ತೇನೆ, ಎಲ್ಲ ಒಂದರ ಬೆನ್ನಿಗೊಂದು, ಮಳೆಗೆ ಸಿಕ್ಕಿದವರು ಓಡಿದ ಹಾಗೆ. ಕೋಳಿ ಇರಲಿಲ್ಲ. ಮಿಕ್ಸಿ ಇರಲಿಲ್ಲ. ನಾಯ್ನನೂ ಇರಲಿಲ್ಲ.

‘ಒರಿಜಿನಲ್ ಎಲ್ಲಿದೆ?’

‘ಕಾರ್ಡ್ ಫಾರ್ಮ್ಯಾಟ್ ಮಾಡಿದೆ ಮಿಸ್. ಭಾನುವಾರ ಮುಹೂರ್ತ ಇತ್ತಲ್ಲ. ಎಡಿಟ್ ಆದ ಮೇಲೆ ನಾವು ಯಾವುದನ್ನೂ ಇಡಲ್ಲ... ಯಾಕೆ ಮಿಸ್?’

ಹೇಳಿದೆ. ಆಮೇಲೆ ಬೆಂಗಳೂರಿನ ಅಂಗಡಿ ಅಂಗಡಿಗೆ ಆ ಕಾರ್ಡನ್ನು ಹೊತ್ತು ತಿರುಗಿದಳು. ಅದರಿಂದ ಯಾರದೋ ಧಾರೆ ಬಂತು, ಯಾರದೋ ಆರತಕ್ಷತೆಯ ಐಸ್‌ಕ್ರೀಂ ಬಂತು. ನಮ್ಮದು ಬರಲಿಲ್ಲ. ಅವಳ ಮೇಲೆ ಕೋಪ ಮಾಡಿಕೊಳ್ಳೋಣವೆಂದರೆ ಅದೂ ಆಗಲಿಲ್ಲ. ಮದುವೆ ವಿಡಿಯೋದಲ್ಲಿ ಸುಮ್ಮನೆ ಕೂತವರನ್ನು ಯಾರು ಇಟ್ಟುಕೊಳ್ಳುತ್ತಾರೆ?

ಇಬ್ಬರೂ ಮತ್ತೆ ಹೋದೆವು. ಚಳಿಗಾಲದಲ್ಲಿ ಕಾಯಿಲೆ ಬಿದ್ದು ಮಾವ ಅರ್ಧ ಇಳಿದುಹೋಗಿದ್ದರು. ಆದರೂ ದಿಂಬಿಗೊರಗಿ ಕೂತು, ಹುಡುಗಿಯನ್ನು ನೋಡಿ, ‘ಇವಳೂ ಪರೀಕ್ಷೇನಾ? ಅಯ್ಯೋ, ಮದುವೆ ಮಾಡ್ಕೊಳ್ಳೇ, ಸುಲಭ,’ ಎಂದು ನಗಿಸಿದರು. ಕ್ಯಾಮೆರಾ ಇಟ್ಟೆವು. ಮಾವ ಶುರು ಮಾಡಿದರು. ಬಾಗಿಲು ತೆಗೆಯೇ ರಮಣಿ. ಹಾಗನ್ನಬೇಡ. ಕಣ್ಣೊರೆಸಿಕೋ. ನಡುವೆ ಒಂದು ಉಸಿರೂ ಬಿಡದೆ ಮುಗಿಸಿಬಿಟ್ಟರು, ಅವಳು ಕತ್ತರಿಸಿ ಜೋಡಿಸಿದ್ದ ಹಾಗೆಯೇ.

‘ಮಾವ, ನಾಯ್ನನ ಪದಕ್ಕೆ ಕಾಯಲಿಲ್ಲವಲ್ಲ?’

‘ಈಗ ಕಾಯೋಕಾಗಲ್ಲ ತಲ್ಲಿ. ನಿಂತ್ರೆ ಮುಂದಿನ್ದು ಮರ್ತೋಗ್ತದೆ. ಅವನು ದೊಡ್ಡ ಮನುಷ್ಯ, ನನ್ಗೆ ಬೈಯಲ್ಲ ಬಿಡು.’

ಹುಡುಗಿ ಎದ್ದು ಅಂಗಳಕ್ಕೆ ಹೋದಳು. ನಾನು ಅವರ ತುಟಿಯನ್ನೇ ನೋಡುತ್ತ ಇನ್ನೂ ಸ್ವಲ್ಪ ಹೊತ್ತು ಕೂತೆ. ಮಾವನಿಗೆ ನಿದ್ದೆ ಹತ್ತಿತು.

ವೈವಾ ದಿನ ಹೊರಗಿನಿಂದ ಬಂದಿದ್ದ ಎಕ್ಸಾಮಿನರ್ ನನ್ನ ಮೊದಲ ವಿಡಿಯೋ ನೋಡಿ, ‘ವೆರಿ ಗುಡ್ ಪೇಸ್, ಮೇಡಂ. ಫೋಕ್ ಫಾರ್ಮ್ ಅಂದರೆ ಎಳೀತಾರೆ ಅಂದುಕೊಂಡಿದ್ದೆ,’ ಎಂದರು. ನಡೆದದ್ದನ್ನು ಹೇಳಿದೆ. ‘ಓಹ್, ಇಂಟ್ರೆಸ್ಟಿಂಗ್. ಅದನ್ನೂ ಒಂದು ಚಾಪ್ಟರ್ ಮಾಡಬಹುದಿತ್ತು,’ ಎಂದು ಪುಟ ತಿರುಗಿಸಿದರು. ಫಸ್ಟ್ ಕ್ಲಾಸ್ ಬಂತು. ಕಾನ್ವೊಕೇಶನ್ ಫೋಟೋವನ್ನು ಆ ಹುಡುಗಿಯೇ ತೆಗೆದಳು, ಒಂದನ್ನೂ ಅಳಿಸದೆ ಅಷ್ಟನ್ನೂ ಕೊಟ್ಟಳು. ಕಣ್ಣು ಮುಚ್ಚಿರುವವು, ಟೋಪಿ ಜಾರಿರುವವು, ಎಲ್ಲ.

ಈಗ ಮಧ್ಯಾಹ್ನದ ಹೊತ್ತು ಕೆಲಸವಿಲ್ಲದಾಗ ಆ ವಿಡಿಯೋ ಹಾಕಿಕೊಳ್ಳುತ್ತೇನೆ. ‘ಬಾಗಿಲು ತೆಗೆಯೇ ರಮಣಿ, ಅಷ್ಟೊಂದು ಕೋಪವೇ?’ ಎಂದು ಮಾವ ಕೇಳುತ್ತಿದ್ದಂತೆ ಗುಂಡಿ ಒತ್ತಿ ನಿಲ್ಲಿಸುತ್ತೇನೆ. ಮಂಡಿಯ ಮೇಲೆ ಬೆರಳು ತಟ್ಟುತ್ತೇನೆ. ರಾಣಿ ಏನೋ ಅಂದಿರಬೇಕು, ರಾಜ ‘ಹಾಗನ್ನಬೇಡ’ ಎನ್ನುವಂಥ ಮಾತು. ನಾಯ್ನ ಅದನ್ನು ಹಾಡಿ ಮುಗಿಸುವವರೆಗೆ ನಾನು ಕಾಯಬೇಕು. ಎಷ್ಟು ಹೊತ್ತು ಎಂಬುದು ಮಾತ್ರ ನನಗೆ ತಿಳಿಯದು. ಒಮ್ಮೊಮ್ಮೆ ಬೇಗ ಮತ್ತೆ ಓಡಿಸಿಬಿಡುತ್ತೇನೆ, ಮಾವನ ದನಿ ನಾಯ್ನನ ಮೇಲೆ ಹತ್ತಿದಂತಾಗುತ್ತದೆ. ಒಮ್ಮೊಮ್ಮೆ ಕಾಯುತ್ತ ಕೂತಿರುವಾಗ ಸ್ಕ್ರೀನು ತಾನಾಗಿ ಕಪ್ಪಾಗುತ್ತದೆ.