ಪಂಡರಿಯ ಎದೆಗೆ ತಂಡಿ

ಬಸವಕಲ್ಯಾಣದ ಹೊರವಲಯದಲ್ಲಿ ಕುರಿ ಸಾಕಿಕೊಂಡಿರುವ ಜಿಜಾಬಾಯಿಗೆ ಜಗತ್ತಿನಲ್ಲಿ ಒಂದೇ ಶತ್ರು: ತಂಡಿ. ಮಾಗಿಯಲ್ಲಿ ಹುಟ್ಟಿದ ಮರಿ ಮುದುಡಿಕೊಂಡರೆ ಸೆರಗಿನೊಳಗೆ ಅವುಚಿಕೊಂಡು ಒಲೆಯ ಮುಂದೆ ಕೂರುತ್ತಾಳೆ. ಎಷ್ಟೋ ಮರಿಗಳು ಹಾಗೆ ಕಣ್ಣು ಬಿಟ್ಟಿವೆ. ಕೈಯಲ್ಲೇ ಸೆಟೆದುಕೊಂಡವೂ ಇವೆ.

ದೊಡ್ಡ ಮಗಳ ಮದುವೆಯ ವರ್ಷ ಗಂಡ ಪಂಡರಿಗೆ ಹೈದರಾಬಾದಿನ ಆಸ್ಪತ್ರೆಯೊಂದರಲ್ಲಿ ಹೃದಯದ ಬೈಪಾಸ್ ಆಯಿತು. ಅಂದಿನಿಂದ ಅವನ ಎದೆಯನ್ನೂ ಆಕೆ ಮರಿಯಂತೆಯೇ ಕಾದಳು. ಬೇಸಿಗೆಯಲ್ಲೂ ಮಫ್ಲರ್, ಸ್ನಾನಕ್ಕೆ ಹೊಗೆಯಾಡುವ ನೀರು. "ನನ್ನ ಕುದಿಸಿ ತಿಂತೀಯೇನ?" ಎಂದು ಅವನು ನಗುತ್ತಿದ್ದ.

ಈ ವರ್ಷ ಅವನಿಗೆ ಕುರಿಯ ಹಿಂದೆ ನಡೆದರೂ ಉಸಿರು ಕಟ್ಟತೊಡಗಿತು. ಅದೇ ಆಸ್ಪತ್ರೆಯಿಂದ ತಿಂಗಳಿಗೊಮ್ಮೆ ಹುಮನಾಬಾದಿಗೆ ಬರುವ ಡಾಕ್ಟರ್ ಅಂಬರೀಷ ಪರೀಕ್ಷಿಸಿ, ಹೃದಯದ ಕವಾಟ ಬಿಗಿದಿದೆ, ಮತ್ತೆ ಎದೆ ತೆರೆಯಬೇಕು ಎಂದರು.

"ಹೃದಯ ತಣ್ಣಗ ಮಾಡಿ, ನಿಲ್ಲಿಸಿ, ಕವಾಟ ಬದಲಿ ಮಾಡ್ತೀವ್ರಿ."

ಜಿಜಾಬಾಯಿ ಗಂಡನ ತೋಳು ಹಿಡಿದು ಎದ್ದೇಬಿಟ್ಟಳು. "ಏಳ್ರಿ, ಹೋಗಾಣ. ಎದಿಗೆ ತಂಡಿ ಹಾಕ್ತಾರಂತ!"

"ಕುಂದರ್ರಿ ಅವ್ವಾ. ಓಡಾಡೂ ಮರಿಗೆ ಹಾಲು ಜಾಸ್ತಿ ಬೇಕು, ಮಲಗಿದ್ದಕ್ಕ ಕಡಿಮಿ. ಹೌದಿಲ್ಲೋ?"

"ಹೌದ್ರಿ."

"ಹೃದಯಾನೂ ಹಂಗ. ನಾವು ಆಪರೇಷನ್ ಮಾಡೂ ಹೊತ್ತಿನ್ಯಾಗ ಅದಕ್ಕ ರಕ್ತ ಸಿಗಂಗಿಲ್ಲ. ತಣ್ಣಗ ಮಲಗಿದ್ರ ಹಸಿವಿ ತಡೀತದ. ಬೆಚ್ಚಗಿದ್ರ ಹಸಿದು ಕೆಡ್ತದ."

"ಆಮ್ಯಾಲ ಏಳಲಿಲ್ಲಂದ್ರ?"

ಡಾಕ್ಟರ್ ಏನನ್ನೂ ಮುಚ್ಚಿಡಲಿಲ್ಲ. ಮೊದಲ ಸಲ ಎದೆಗೂಡಿನ ರಕ್ತನಾಳವೊಂದನ್ನು ಹೃದಯಕ್ಕೆ ಜೋಡಿಸಿದ್ದರು. ಇಷ್ಟು ವರ್ಷ ಬದುಕಿಸಿದ್ದೇ ಅದು. ಈಗ ಎದೆಯ ಎಲುಬಿನ ಹಿಂದೆ ಅಂಟಿಕೊಂಡಿದೆ. ಎಲುಬು ಕೊಯ್ಯುವಾಗ ಗರಗಸ ಅದಕ್ಕೆ ತಗುಲಿದರೆ ಜೀವಕ್ಕೆ ಅಪಾಯ. ತಗುಲದಿದ್ದರೂ ಅದನ್ನು ಹುಡುಕಿ ಸ್ವಲ್ಪ ಹೊತ್ತು ಕ್ಲಿಪ್ ಹಾಕಿ ಮುಚ್ಚಬೇಕು. ಇಲ್ಲವಾದರೆ ಅದರಿಂದ ಬಿಸಿರಕ್ತ ನುಗ್ಗಿ ಮಲಗಿದ ಹೃದಯವನ್ನು ಅರ್ಧಕ್ಕೇ ಎಬ್ಬಿಸುತ್ತದೆ.

"ಮಾಡಿಸದಿದ್ರ?" ಪಂಡರಿ ಕೇಳಿದ.

"ವರ್ಷ ದಾಟೂದು ಕಠಿಣ ಅದ."

"ಹಂಗಾರ ಮಲಗಸ್ರಿ ಸಾಹೇಬ್ರ. ಈಕಿ ಕಾಯಿಸಿ ಕಾಯಿಸಿ ನನಗೂ ಸಾಕಾಗ್ಯದ."

ಜಿಜಾಬಾಯಿ ಅವನ ಭುಜಕ್ಕೆ ಒಂದು ಗುದ್ದು ಕೊಟ್ಟಳು. ಆಮೇಲೆ ಆ ಭುಜಕ್ಕೇ ಮುಖ ಒತ್ತಿ, ಆಗಲಿ ಎಂದಳು.

ಆಪರೇಷನ್ನಿನ ದಿನ ಹೈದರಾಬಾದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಎ.ಸಿ. ಕೊರೆಯುತ್ತಿತ್ತು. ಆಕೆ ಸೆರಗು ಹೊದೆಯಲಿಲ್ಲ. ತಂಡಿಗೇ ಕೈಮುಗಿದಳು. "ಇಷ್ಟು ದಿನ ನಿನ್ನ ಬೈದೇನಿ, ಸಿಟ್ಟಾಗಬ್ಯಾಡ. ಇವತ್ತ ನಿನ್ನ ಕೈಯಾಗ ಕೊಟ್ಟೇನಿ, ಚಂದಾಗಿ ನೋಡ್ಕೋ."

ಬಿಸಿಲು ಇಳಿಯುವ ಹೊತ್ತಿಗೆ ಡಾಕ್ಟರ್ ಹೊರಗೆ ಬಂದರು. ಟೊಪ್ಪಿಗೆ ಬೆವರಿಗೆ ತೊಯ್ದಿತ್ತು.

"ಹಳೇ ನಾಳಕ್ಕ ಏನೂ ಆಗಿಲ್ಲ ಅವ್ವಾ. ಬಿಸಿರಕ್ತ ಬಿಟ್ವಿ, ಎದಿ ತಾನಾಗೇ ಬಡ್ಕೊಳಾಕತ್ತು."

ಕಾಲಿಗೆ ಬಾಗಿದವಳನ್ನು ಅವರು ತಡೆದರು. ಕಣ್ಣೊರೆಸಿಕೊಂಡು ಆಕೆ ಕೇಳಿದಳು, "ಆ ನಾಳ ಮೊದಲ ಜೋಡಿಸಿದವರು ಯಾರ್ರಿ?"

"ನನ್ನ ಗುರುಗಳು. ಈಗ ರಿಟೈರ್ ಆಗ್ಯಾರ, ಮನ್ಯಾಗ ಇರ್ತಾರ."

"ಫೋನ್ ಹಚ್ರಿ. ಅವರು ಹಾಕಿದ ನಾಳದಾಗ ಇನ್ನಾ ರಕ್ತ ಹರಿಯಾಕತ್ತದ ಅಂತ ನಾನು ಹೇಳ್ತೀನಿ. ಅವರಿಗೆ ಯಾರೂ ಹೇಳಿರಂಗಿಲ್ಲ."

ಅಂಬರೀಷ ಅಲ್ಲೇ ಗೋಡೆಗೆ ಒರಗಿ ನಂಬರ್ ಒತ್ತಿ, ಫೋನನ್ನು ಆಕೆಯ ಕೈಗೆ ಕೊಟ್ಟರು.