ಒಳ್ಳೆ ನೀರಿನ ಬಾಟಲಿ

ಶಿವಮೊಗ್ಗದ ಒಂದು ಪುಟ್ಟ ಲ್ಯಾಬಿನಲ್ಲಿ ಹೊಳೆ ನೀರು ಪರೀಕ್ಷೆ ಮಾಡುವವಳು ನಾನು. ಗಾಳಿಗುಳ್ಳೆ ಸೇರದಂತೆ ಬಾಟಲಿ ತುಂಬಿ ತಂದು, ಐದು ದಿನ ಕತ್ತಲಲ್ಲಿ ಇಡಬೇಕು. ಕೊಳಕು ಹೆಚ್ಚಿದ್ದಷ್ಟೂ ಒಳಗಿನ ಆಮ್ಲಜನಕ ಖಾಲಿಯಾಗಿರುತ್ತದೆ. ಊರಿನ ಚರಂಡಿಗಳು ತುಂಗೆಗೆ ಬೀಳುವ ಮುಂಚೆ, ಗಾಜನೂರಿನ ಕಡೆ, ಒಂದು ಜಾಗವಿದೆ. ಕೆಳಗಿನ ನೀರಿಗೆ ಹೋಲಿಸಿ ನೋಡಲು ಅಲ್ಲಿಂದಲೂ ಒಂದು ಬಾಟಲಿ ತರುತ್ತೇವೆ. ಅದನ್ನು ಒಳ್ಳೆ ನೀರು ಎಂದೇ ಕರೆದು ಅಭ್ಯಾಸವಾಗಿತ್ತು.

ಭದ್ರಾವತಿಯ ಅಕ್ಕ ಬಾಣಂತನಕ್ಕೆ ವಿದ್ಯಾನಗರದ ನಮ್ಮ ಮನೆಗೆ ಬಂದಿದ್ದಳು. ಮದುವೆಯಾಗಿ ಒಂಬತ್ತು ವರ್ಷಕ್ಕೆ ಹುಟ್ಟಿದ ಹೆಣ್ಣು ಮಗು. ಮೂರನೇ ತಿಂಗಳಲ್ಲಿ ಬಾಣಂತಿ ಗಂಗೆಪೂಜೆ ಮಾಡಿ ಕೊಡ ತುಂಬಿಕೊಂಡು ಬರಬೇಕು.

"ಈಗೆಲ್ಲ ನಲ್ಲಿಗೇ ಅರಿಶಿನ ಕುಂಕುಮ ಹಚ್ಚಿ ಮುಗಿಸ್ತಾರೆ ಕಣೇ," ಅಂದಳು ಅಮ್ಮ.

"ಹೊಳೆ ಇಟ್ಕೊಂಡು ನಲ್ಲಿಗ್ಯಾಕಮ್ಮ ಪೂಜೆ? ಒಳ್ಳೆ ನೀರಿರೋ ಜಾಗ ನಂಗೊತ್ತು, ಕರ್ಕೊಂಡು ಹೋಗ್ತೀನಿ," ಅಂದೆ. ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ!

ಆ ಜಾಗದಲ್ಲೇ ಹೊಳೆ ದಡದಲ್ಲಿ ಅಕ್ಕ ಪೂಜೆ ಮಾಡಿದಳು. ಅಮ್ಮ ಕೊಡದ ನೀರಿಗೆ ಬೆರಳದ್ದಿ ಮಗುವಿನ ನಾಲಿಗೆಗೆ ತೀರ್ಥದ ಹಾಗೆ ಮೂರು ಹನಿ ಬಿಟ್ಟಳು. ಮಗು ಬಾಯಿ ಚಪ್ಪರಿಸಿತು, ನಾವು ನಕ್ಕೆವು. ಹೇಗೂ ಬಂದಿದ್ದೇನಲ್ಲ ಎಂದು ಆ ವಾರದ ಬಾಟಲಿಯನ್ನೂ ಅಲ್ಲೇ ತುಂಬಿಕೊಂಡೆ.

ಮಾರನೇ ದಿನವೇ ಮಗುವಿಗೆ ವಾಂತಿ ಭೇದಿ ಹಿಡಿಯಿತು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಹೊರಗಿನ ನೀರು ಏನಾದ್ರೂ ಕೊಟ್ರಾ?" ಎಂದು ಕೇಳಿದರು. ಮೂರು ಹನಿ ಎಂದೆ. ನಾಲ್ಕನೇ ದಿನ ಮಗು ಹೋಯಿತು.

ಐದನೇ ದಿನ ಲ್ಯಾಬಿಗೆ ಹೋದೆ. ಸೂತಕದಲ್ಲಿ ಎಂಥ ಕೆಲಸ ಎಂದು ಅಮ್ಮ ಬೈದಳು. ಬಾಟಲಿ ತೆಗೆದು ಪರೀಕ್ಷೆ ಮಾಡಿದರೆ ಆಮ್ಲಜನಕ ಹೆಚ್ಚುಕಡಿಮೆ ಇರಲೇ ಇಲ್ಲ. ಹಳೆಯ ರಿಪೋರ್ಟುಗಳನ್ನು ತಿರುವಿದೆ. ಆ ಜಾಗದ ನೀರು ತಿಂಗಳಿಂದ ತಿಂಗಳಿಗೆ ಕೆಡುತ್ತಲೇ ಬಂದಿತ್ತು. ಬರೆದದ್ದೆಲ್ಲ ನನ್ನದೇ ಕೈ. ಚರಂಡಿಗಿಂತ ವಾಸಿ ಇದ್ದದ್ದನ್ನೇ ಶುದ್ಧ ಎಂದುಕೊಂಡಿದ್ದೆ. ರಿಪೋರ್ಟು ಕಳಿಸಿದೆ. ಎಲ್ಲಿಂದಲೂ ಒಂದು ಫೋನ್ ಕೂಡ ಬರಲಿಲ್ಲ. ಈಗಲೂ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಬಾಟಲಿ ತುಂಬುತ್ತೇನೆ. ನೀರು ಇನ್ನೂ ಕೆಟ್ಟಿದೆ.

ತಿಂಗಳು ಕಳೆದು ಅಕ್ಕ ಬರಿಗೈಯಲ್ಲಿ ಭದ್ರಾವತಿಗೆ ಹೊರಟಳು. ಬಸ್ಸಿನ ಕಿಟಕಿಯಿಂದ ನನ್ನ ಕೈ ಹಿಡಿದು, "ಅವತ್ತಿನ ನೀರು ಚೆನ್ನಾಗೇ ಇತ್ತಲ್ವೇನೇ?" ಅಂದಳು.

ಹೇಳಲು ಧೈರ್ಯ ಬರಲಿಲ್ಲ. "ಚೆನ್ನಾಗೇ ಇತ್ತಕ್ಕ," ಅಂದೆ.

"ಹಾಗಾದ್ರೆ ನನ್ನ ಹಾಲೇ ಕೆಟ್ಟಿತ್ತೇನೋ," ಅಂದಳು. ಅಷ್ಟರಲ್ಲಿ ಬಸ್ಸು ಹೊರಟಿತು.