ಫುಟ್‌ಪಾತಿಗೆ ಬಿಟ್ಟ ನೀರು

ನೆಲದೊಳಗಿಂದ ನಮ್ಮ ಮನೆಯನ್ನು ಏನೋ ತಳ್ಳುತ್ತಿದೆ ಎಂದು ಗೊತ್ತಾದದ್ದು ಕೆನಡಾಕ್ಕೆ ಬಂದ ಎರಡನೇ ಚಳಿಗಾಲ ಮುಗಿಯುವಾಗ. ಬೇಸ್‌ಮೆಂಟಿನ ಗೋಡೆ ಒಳಕ್ಕೆ ಉಬ್ಬಿ, ಬಿರುಕಿನಲ್ಲಿ ನೀರು ಜಿನುಗುತ್ತಿತ್ತು. ಮಣ್ಣಿನಲ್ಲಿ ನಿಂತ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಅಡಿಪಾಯವನ್ನೇ ದೂಡುತ್ತದಂತೆ. ರಾಜಾಜಿನಗರದ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ಲೇತ್ ಮುಂದೆ ನಿಂತು, ಆ ಕಸುಬಿನ ಬಲದಲ್ಲೇ ಇಲ್ಲಿಗೆ ಬಂದವನು ನಾನು. ಬಿಸಿಗೆ ಕಬ್ಬಿಣ ಹಿಗ್ಗುವುದು ಗೊತ್ತಿತ್ತು, ಚಳಿಗೆ ನೀರು ಮನೆ ಒಡೆಯುವುದು ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ ಮನೆ ಸುತ್ತ ಆಳುದ್ದ ಅಗೆಸಿದೆವು. ಅಡಿಪಾಯದ ಬುಡದಲ್ಲಿ ತೂತು ತೂತಿನ ಪೈಪು, ಅದರ ಸುತ್ತ ಜಲ್ಲಿ. ಇದಕ್ಕೆ ಇಲ್ಲಿ 'ವೀಪಿಂಗ್ ಟೈಲ್' ಎಂದು ಹೆಸರು, ಅಂದರೆ ಅಳುವ ಹೆಂಚು. ಹೆಂಚೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಅದು ಹಿಡಿದ ನೀರು ಬೇಸ್‌ಮೆಂಟಿನ ನೆಲದಲ್ಲಿ ತೋಡಿದ ಸಂಪಿನ ಗುಂಡಿಗೆ ಬರುತ್ತದೆ. ನಮ್ಮ ಕಡೆ ಕಾವೇರಿ ನೀರನ್ನು ಸಂಪಿಗೆ ತುಂಬಿಸಿ, ಮುಚ್ಚಳಕ್ಕೆ ಬೀಗ ಹಾಕುತ್ತೇವೆ. ಇಲ್ಲಿ ಸಂಪಿನ ನೀರನ್ನು ಪಂಪು ಹಚ್ಚಿ ಹೊರಗೆಸೆಯುತ್ತಾರೆ.

ಹೊರಗೆಂದರೆ ಹಿತ್ತಲಿನ ಇಳಿಜಾರಿಗೆ ಎಂದು ಕಂಟ್ರಾಕ್ಟರು ಗುರುತು ಹಾಕಿಕೊಟ್ಟಿದ್ದ. ಅಷ್ಟುದ್ದ ಯಾಕೆ ಎಳೆಯಬೇಕು ಎಂದು ಆ ಕೊನೆಯ ಪೈಪನ್ನು ನಾನೇ ಮುಂದಕ್ಕೆ ತಿರುಗಿಸಿ ಫುಟ್‌ಪಾತಿನ ಅಂಚಿಗೆ ಬಿಟ್ಟೆ. ನಾನು ಹುಟ್ಟಿ ಬೆಳೆದ ಹೊಸಹಳ್ಳಿಯಲ್ಲಿ ಬಾಗಿಲು ತೊಳೆದ ನೀರು ರಸ್ತೆಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತದೆ?

ಪಕ್ಕದ ಮನೆಯ ವಾಲ್ಟರ್ ಎಂಬತ್ತು ದಾಟಿದವರು, ಒಬ್ಬರೇ ಇದ್ದವರು. ನಾವು ಬಂದ ವಾರ ಹಿಮ ಗೋರುವ ಸಲಿಕೆ ತಂದುಕೊಟ್ಟವರು ಅವರೇ. ಇನ್ನೊಂದು ಸಲ ಬಿದ್ದರೆ ಮಗಳು ವೃದ್ಧಾಶ್ರಮಕ್ಕೆ ಸೇರಿಸುತ್ತಾಳೆ, ನನಗೆ ಈ ಮನೆಯಲ್ಲೇ ಕಣ್ಣು ಮುಚ್ಚಬೇಕು ಎನ್ನುತ್ತಿದ್ದರು. ಪೈಪನ್ನು ನೋಡಿ, ಚಳಿಗಾಲದಲ್ಲಿ ಇಲ್ಲಿ ಸ್ವಲ್ಪ ಜಾರಬಹುದೇನೋ ಎಂದು ನಕ್ಕು ಒಳಗೆ ಹೋದರು.

"ರೀ, ಅವರು ಬೇಡ ಅಂತ ಹೇಳಿದ್ದು. ಪೈಪ್ ತಿರುಗಿಸ್ಬಿಡಿ," ಎಂದಳು ನನ್ನ ಹೆಂಡತಿ ಸುಮಾ.

"ಬೇಡ ಆಗಿದ್ರೆ ಬೇಡ ಅಂತಿದ್ರು ಕಣೇ. ನಗ್ತಾ ಹೋದ್ರಲ್ಲ."

ನನ್ನದು ಹೊಸಹಳ್ಳಿ ಲೆಕ್ಕ. ಅಲ್ಲಿ ನಮ್ಮ ನೀರು ಒಂದು ಚೊಂಬು ಆಚೆ ಮನೆ ಬಾಗಿಲಿಗೆ ಹರಿದರೂ ಆ ಮನೆಯ ಪದ್ಮಕ್ಕ ಸೆರಗು ಸಿಕ್ಕಿಸಿಕೊಂಡು ಬೀದಿಗೆ ಬರುತ್ತಿದ್ದರು. ನಮ್ಮ ಜನ್ಮ ಜಾಲಾಡಿ, ಮೋರಿ ಸರಿ ಮಾಡಿಸಿಯೇ ಒಳಗೆ ಹೋಗುತ್ತಿದ್ದರು, ಸಂಜೆ ಅವರ ಮನೆಯಿಂದಲೇ ಒಂದು ಬಟ್ಟಲು ಹುಳಿಯೂ ಬರುತ್ತಿತ್ತು. ಕೂಗಾಡದವರಿಗೆ ತೊಂದರೆಯಿಲ್ಲ ಎಂದುಕೊಂಡೇ ನಾನು ಬೆಳೆದದ್ದು.

ಡಿಸೆಂಬರಿನಲ್ಲಿ ಎರಡು ದಿನ ಹಿಮ ಕರಗಿತು. ಪಂಪು ಗುರ್ ಎಂದಾಗಲೆಲ್ಲ ಬೇಸ್‌ಮೆಂಟ್ ಒಣಗಿದೆ ಎಂದು ಬೀಗಿದೆ. ಮತ್ತೆ ಚಳಿ ಬಿತ್ತು. ಫುಟ್‌ಪಾತಿನಲ್ಲಿ ನಮ್ಮ ನೀರು ಪದರ ಪದರವಾಗಿ ಗಟ್ಟಿಯಾಯಿತು, ಅದರ ಮೇಲೆ ಹೊಸ ಹಿಮ ಮುಚ್ಚಿತು. ಬೆಳಿಗ್ಗೆ ನಾನು ಕಿಟಕಿಯಲ್ಲಿ ಕಾಫಿ ಹಿಡಿದು ನಿಂತಿದ್ದೆ. ಹೊರಗೆ ಹೊರಟಿದ್ದ ವಾಲ್ಟರ್ ನನ್ನನ್ನು ನೋಡಿ ಕೈ ಬೀಸಿದರು. ಮರುಗಳಿಗೆ ಅಲ್ಲಿ ಯಾರೂ ಇರಲಿಲ್ಲ. ಸೊಂಟದ ಮೂಳೆ ಮುರಿದಿತ್ತು.

ಅವರು ಮನೆಗೆ ಮರಳಲಿಲ್ಲ. ಅಂಗಳದಲ್ಲಿ ಮಾರಾಟದ ಬೋರ್ಡು ನಿಂತ ವಾರ ವೃದ್ಧಾಶ್ರಮಕ್ಕೆ ಹೋಗಿ, ಆ ನೀರು ನಮ್ಮದು, ನಿಮ್ಮ ಮನೆ ಹೋದದ್ದು ನನ್ನಿಂದ ಎಂದೆ. ಗೊತ್ತು ಎಂದರು. ಹಾಗಾದರೆ ಅವತ್ತೇ ಯಾಕೆ ಬೈಯಲಿಲ್ಲ ಎಂದು ಕೇಳಿದೆ.

"ನೀನು ಹೊಸಬ," ಎಂದರು ತಮ್ಮ ಇಂಗ್ಲಿಷಿನಲ್ಲಿ. "ಹೊಸಬರ ಮನಸ್ಸು ನೋಯಿಸಬಾರದು ಅಂತ ಸುಮ್ಮನಾದೆ."

ಪೈಪನ್ನು ಹಿತ್ತಲಿಗೆ ತಿರುಗಿಸಿದ್ದೇನೆ. ಆ ಮನೆಗೆ ಬೇರೆಯವರು ಬಂದಿದ್ದಾರೆ, ಸಿಕ್ಕಾಗ ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ, ನನಗೆ ಭಯವಾಗುತ್ತದೆ. ಕಳೆದ ಸಲ ಊರಿಗೆ ಹೋದಾಗ, ಮೊದಲೆಲ್ಲ ಏನೋ, ಬಾರೋ ಎನ್ನುತ್ತಿದ್ದ ಬೀದಿಯವರು ಬನ್ನಿ, ಕೂತ್ಕೊಳ್ಳಿ ಎಂದು ಕುರ್ಚಿ ಹಾಕಿದರು. ಅಲ್ಲೂ ಈಗ ನನ್ನನ್ನು ಬೈಯುವವರಿಲ್ಲ.